ಎರೆ ಹೊಲದ ಇಂಗಾಲ: ಬಿಸಿಲಿಗಿಂತ ಮಳೆಯ ಲೆಕ್ಕ ದೊಡ್ಡದು

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಒಣಬೇಸಾಯದ ರೈತರ ಬಳಿ ಇರುವ ಮಣ್ಣು ಆರೋಗ್ಯ ಚೀಟಿಗಳನ್ನು ನೋಡಿದರೆ, ಸಾವಯವ ಇಂಗಾಲದ (ಎಲೆ, ಬೇರು, ಗೊಬ್ಬರದಿಂದ ಮಣ್ಣಿಗೆ ಬಂದ ಇಂಗಾಲ) ಸಾಲಿನಲ್ಲಿ ‘ಕಡಿಮೆ’ ಎಂಬ ಪದ ಪದೇ ಪದೇ ಕಣ್ಣಿಗೆ ಬೀಳುತ್ತದೆ. ನಮ್ಮ ದೇಶದ ಮಣ್ಣು ಪರೀಕ್ಷೆಯ ಪ್ರಕಾರ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75ರವರೆಗೆ ಮಧ್ಯಮ, ಅದಕ್ಕಿಂತ ಮೇಲಿದ್ದರೆ ಹೆಚ್ಚು. ಈ ಕೊರತೆಗೆ ಹವಾಮಾನ ಬದಲಾವಣೆಯೇ ಕಾರಣ ಎಂಬ ಮಾತು ಈಚೆಗೆ ರೈತರ ತರಬೇತಿಗಳಲ್ಲೂ ಪತ್ರಿಕೆಗಳಲ್ಲೂ ಕೇಳಿಬರುತ್ತಿದೆ. ಬಿಸಿಲು ಏರುತ್ತಿದೆ, ಹಾಗಾಗಿ ಮಣ್ಣಿನ ಇಂಗಾಲ ಉರಿದುಹೋಗುತ್ತಿದೆ ಎಂಬುದು ಆ ಮಾತಿನ ಸಾರ.

ಅದು ತಪ್ಪು ಮಾತಲ್ಲ, ಆದರೆ ಅರ್ಧ ಮಾತು. ತುಂಗಭದ್ರೆ ಮತ್ತು ಕೃಷ್ಣೆಯ ಆಸುಪಾಸಿನ ಈ ಒಣ ಸೀಮೆಯಲ್ಲಿ ಹವಾಮಾನವು ಮಣ್ಣಿನ ಇಂಗಾಲವನ್ನು ಕಸಿಯುವುದು ಮುಖ್ಯವಾಗಿ ಮಳೆಯ ದಾರಿಯಿಂದ. ಮಳೆ ಬಾರದ ವರ್ಷ ಹೊಲಕ್ಕೆ ಬೇರು, ಎಲೆ, ಕೂಳೆ (ಕೊಯ್ದ ಮೇಲೆ ಉಳಿದ ಬುಡ) ಸೇರುವುದಿಲ್ಲ. ಒಮ್ಮೆಲೇ ಸುರಿದ ವರ್ಷ ಮೇಲ್ಮಣ್ಣೇ ಹೊರಟುಹೋಗುತ್ತದೆ. ಬಿಸಿಲಿನ ಪಾಲು ಇವೆರಡರ ಮುಂದೆ ಸಣ್ಣದು. ಈ ವ್ಯತ್ಯಾಸವನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಏಪ್ರಿಲ್ ತಿಂಗಳ ಬಿಸಿಲನ್ನು ಯಾವ ರೈತನೂ ತಡೆಯಲಾರ. ಸೆಪ್ಟೆಂಬರ್ ತಿಂಗಳಲ್ಲಿ ತನ್ನ ಹೊಲ ಬರಿದಾಗಿರಬೇಕೇ, ಹೊದಿಕೆಯೊಂದಿಗಿರಬೇಕೇ ಎಂಬುದನ್ನು ಮಾತ್ರ ಅವನು ಬಹುಮಟ್ಟಿಗೆ ತೀರ್ಮಾನಿಸಬಲ್ಲ.

ಕಪ್ಪು ಬಣ್ಣವನ್ನು ನಂಬಬಾರದು

ಎರೆ ಮಣ್ಣು ಕಪ್ಪಾಗಿರುವುದರಿಂದ ಅದರಲ್ಲಿ ಇಂಗಾಲ ತುಂಬಿದೆ ಎಂದು ಅನೇಕರು ತಿಳಿದಿದ್ದಾರೆ. ಎರೆಯ ಕಪ್ಪು ಬಂದಿರುವುದು ಅದರ ಜೇಡಿಯ ಗುಣದಿಂದ. ನೀರು ಕುಡಿದರೆ ಉಬ್ಬಿ, ಒಣಗಿದರೆ ಸೀಳುವ ಸ್ಮೆಕ್ಟೈಟ್ ಎಂಬ ಜೇಡಿಗೆ ಅತ್ಯಲ್ಪ ಪ್ರಮಾಣದ ಸಾವಯವ ಪದಾರ್ಥ ಗಟ್ಟಿಯಾಗಿ ಅಂಟಿಕೊಂಡರೂ ಸಾಕು, ಇಡೀ ಮಣ್ಣು ಕಡುಗಪ್ಪಾಗಿ ಕಾಣುತ್ತದೆ. ಮಲೆನಾಡಿನ ಕಾಡಿನ ಕಂದು ಮಣ್ಣಿನಲ್ಲಿ ಸಿಂಧನೂರಿನ ಕಪ್ಪು ಎರೆಗಿಂತ ಎಷ್ಟೋ ಪಟ್ಟು ಹೆಚ್ಚು ಇಂಗಾಲ ಇರುತ್ತದೆ. ನಮ್ಮ ಒಣ ಎರೆಯಲ್ಲಿ ಸಾಮಾನ್ಯವಾಗಿ ಅದು ನೂರಕ್ಕೆ ಅರ್ಧ ಭಾಗವೂ ಇಲ್ಲ. ಕುಷ್ಟಗಿ, ಲಿಂಗಸುಗೂರು ಕಡೆಯ ಮಸಾರಿ (ಕೆಂಪು ಮಣ್ಣಿನ) ಭೂಮಿಯದು ಇನ್ನೂ ಕಷ್ಟದ ಸ್ಥಿತಿ. ಅಲ್ಲಿ ಇಂಗಾಲವನ್ನು ಹಿಡಿದಿಡುವ ಜೇಡಿಯೂ ಕಡಿಮೆ.

ಆ ಅರ್ಧ ಭಾಗದೊಳಗೂ ಎರಡು ಬಗೆಯ ಇಂಗಾಲ ಇದೆ. ಹೊಸದಾಗಿ ಬಿದ್ದ ಎಲೆ, ಬೇರು, ಗೊಬ್ಬರದಿಂದ ಬಂದದ್ದು ಸೂಕ್ಷ್ಮಜೀವಿಗಳಿಗೆ ಸುಲಭದ ಆಹಾರ. ಕೆಲವು ತಿಂಗಳುಗಳಲ್ಲಿ ಅದರ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಇನ್ನೊಂದು, ಜೇಡಿಯ ಕಣಗಳಿಗೆ ಅಂಟಿಕೊಂಡು ಮಣ್ಣಿನ ಪುಟ್ಟ ಉಂಡೆಗಳೊಳಗೆ ಅಡಗಿದ ಇಂಗಾಲ. ಇದು ದಶಕಗಳವರೆಗೆ, ಕೆಲವೊಮ್ಮೆ ಶತಮಾನಗಳವರೆಗೆ ಉಳಿಯಬಲ್ಲದು. ಹಿಂದೆ ಈ ಭಾಗದ ಮನೆಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವನ್ನು ನೆನೆಯಬಹುದು. ಬಾಯಿ ಮುಚ್ಚಿರುವವರೆಗೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ತೆರೆದು ಗಾಳಿಯಾಡಿದರೆ ಬೇಗ ಖರ್ಚು ಮಾಡಲೇಬೇಕು. ಟ್ರ್ಯಾಕ್ಟರ್ ನೇಗಿಲು ವರ್ಷಕ್ಕೆ ಹಲವು ಬಾರಿ ಆಳವಾಗಿ ಹಾಯ್ದಾಗ ಮಣ್ಣಿನ ಈ ಮುಚ್ಚಿದ ಬಾಯಿಗಳು ತೆರೆದುಕೊಳ್ಳುತ್ತವೆ.

ಎರೆಗೆ ಇನ್ನೊಂದು ವಿಶೇಷ ಗುಣವಿದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಸೀಳುಗಳೊಳಗೆ ಮೇಲಿನ ಪುಡಿಮಣ್ಣು ಕೂಳೆಯ ಚೂರಿನೊಡನೆ ಉದುರಿ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಎರೆಯ ಇಂಗಾಲದ ಗಣನೀಯ ಭಾಗ ಮೇಲಿನ 15 ಸೆಂಟಿಮೀಟರಿನ ಕೆಳಗೇ ಇರುತ್ತದೆ. ನಮ್ಮ ಮಣ್ಣು ಪರೀಕ್ಷೆ ಮಾಡುವುದು ಆ ಮೇಲಿನ ಪದರವನ್ನು ಮಾತ್ರ. ಚೀಟಿಯ ಅಂಕಿಯನ್ನು ಓದುವಾಗ ಇದು ನೆನಪಿರಬೇಕು.

ಒಂದು ಎಕರೆಯ ಜಮಾಖರ್ಚು

ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಅದರಲ್ಲಿ ಶೇ 0.4 ಸಾವಯವ ಇಂಗಾಲ ಇದ್ದರೆ ಒಟ್ಟು 3,600 ಕಿಲೋ ಇಂಗಾಲವಾಯಿತು. ಮಣ್ಣಿನ ಸಾವಯವ ಪದಾರ್ಥದಲ್ಲಿ ಹತ್ತು ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರುತ್ತದೆ. ಅಂದರೆ ಆ ಎಕರೆಯಲ್ಲಿ 300 ಕಿಲೋಗೂ ಹೆಚ್ಚು ಸಾರಜನಕ ಇಂಗಾಲದ ಜೊತೆ ಕಟ್ಟುಬಿದ್ದಿದೆ. ಇಂಗಾಲ ಹೋದಂತೆ ಇದೂ ಕರಗುತ್ತದೆ. ಯೂರಿಯಾ ಚೀಲಗಳ ಸಂಖ್ಯೆ ಏರುತ್ತಿದ್ದರೂ ಇಳುವರಿ ಏರುತ್ತಿಲ್ಲ ಎಂಬ ರೈತರ ದೂರಿನ ಹಿಂದೆ ಇರುವ ಕಾರಣಗಳಲ್ಲಿ ಇದೂ ಒಂದು.

ನಮ್ಮಂಥ ಬಿಸಿ ನಾಡಿನಲ್ಲಿ ಉಳುಮೆಯ ಭೂಮಿಯ ಇಂಗಾಲ ವರ್ಷಕ್ಕೆ ನೂರಕ್ಕೆ ಮೂರರಷ್ಟು ಕೊಳೆತು ಗಾಳಿಗೆ ಹೋಗುತ್ತದೆ ಎಂದು ಇಟ್ಟುಕೊಳ್ಳೋಣ. 3,600 ಕಿಲೋಗೆ ಅದು 108 ಕಿಲೋ. ಅಷ್ಟನ್ನು ಪ್ರತಿ ವರ್ಷ ತುಂಬಿಕೊಟ್ಟರೆ ಮಾತ್ರ ಮಣ್ಣು ಇದ್ದಲ್ಲಿಯೇ ಇರುತ್ತದೆ. ಒಣ ಬೆಳೆಉಳಿಕೆಯ ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ಇಂಗಾಲ. ಅದರಲ್ಲಿ ಮಣ್ಣಿನಲ್ಲಿ ನೆಲೆ ನಿಲ್ಲುವುದು ಹತ್ತರಿಂದ ಹದಿನೈದು ಭಾಗವಷ್ಟೇ, ಉಳಿದದ್ದು ಕೊಳೆತು ಹೋಗುತ್ತದೆ. ನೂರಕ್ಕೆ ಹನ್ನೆರಡು ನಿಲ್ಲುತ್ತದೆ ಎಂದು ಹಿಡಿದರೆ, 108 ಕಿಲೋ ಇಂಗಾಲ ಉಳಿಯಲು ಎಕರೆಗೆ ಎರಡೂಕಾಲು ಟನ್ ಒಣ ಪದಾರ್ಥ ಮಣ್ಣಿಗೆ ಸೇರಬೇಕು. ಬೇರು, ಉದುರಿದ ಎಲೆ, ಕೂಳೆ, ತಿಪ್ಪೆ ಗೊಬ್ಬರ ಎಲ್ಲ ಕೂಡಿ ಇಷ್ಟು. ಇದು ಇರುವುದನ್ನು ಉಳಿಸಿಕೊಳ್ಳುವ ಲೆಕ್ಕ ಮಾತ್ರ. ಚೀಟಿಯ ಅಂಕಿಯನ್ನು 0.4ರಿಂದ 0.5ಕ್ಕೆ ಏರಿಸಬೇಕೆಂದರೆ ಇದರ ಮೇಲೆ ಹತ್ತೊಂಬತ್ತು ಟನ್‌ನಷ್ಟು ಒಣ ಪದಾರ್ಥ ಬೇಕು. ಒಂದೆರಡು ವರ್ಷ ಗೊಬ್ಬರ ಹಾಕಿಸಿ ‘ಕಡಿಮೆ’ಯನ್ನು ‘ಮಧ್ಯಮ’ ಮಾಡುತ್ತೇವೆಂದು ಯಾರಾದರೂ ಮಾತು ಕೊಟ್ಟರೆ ರೈತರು ಈ ಲೆಕ್ಕವನ್ನು ಅವರ ಮುಂದಿಡಬೇಕು.

ಈಗ ಹವಾಮಾನವನ್ನು ಈ ಲೆಕ್ಕದೊಳಗೆ ತರೋಣ. ತಾಪಮಾನ ಹತ್ತು ಡಿಗ್ರಿ ಏರಿದರೆ ಸೂಕ್ಷ್ಮಜೀವಿಗಳ ಕೊಳೆಸುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಮಣ್ಣು ವಿಜ್ಞಾನದ ಹಳೆಯ ಅಂದಾಜು. ಒಂದು ಡಿಗ್ರಿಗೆ ಅದು ಶೇ 7ರಷ್ಟು. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯಂತೆ 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. ಪೂರ್ತಿ ಒಂದು ಡಿಗ್ರಿ ಎಂದೇ ಹಿಡಿಯೋಣ. 108 ಕಿಲೋ ನಷ್ಟ 116 ಕಿಲೋ ಆಗುತ್ತದೆ. ಹೆಚ್ಚಾದದ್ದು ಎಂಟು ಕಿಲೋ. ಅದನ್ನು ತುಂಬಲು ಎಕರೆಗೆ ಒಂದೂವರೆ ಕ್ವಿಂಟಲ್‌ಗಿಂತ ತುಸು ಹೆಚ್ಚು ಬೆಳೆಉಳಿಕೆ ಬೇಕು.

ಮಳೆ ಕೈಕೊಟ್ಟರೆ? ಬೆಳೆ ಮೊಳಕಾಲೆತ್ತರದಲ್ಲೇ ಒಣಗಿದರೆ ಬರಬೇಕಿದ್ದ ಎರಡೂಕಾಲು ಟನ್‌ನಲ್ಲಿ ಹೆಚ್ಚಿನ ಪಾಲು ಬರುವುದೇ ಇಲ್ಲ. ಬಂದ ಅಲ್ಪಸ್ವಲ್ಪ ಕಣಿಕೆ ಬರದ ವರ್ಷ ಚಿನ್ನದ ಬೆಲೆಗೆ ಮಾರಾಟವಾಗುತ್ತದೆ, ಇಲ್ಲವೇ ಎತ್ತು-ಎಮ್ಮೆಗಳ ಹೊಟ್ಟೆ ಸೇರುತ್ತದೆ. ಮಣ್ಣಿಗೆ ಉಳಿಯುವುದು ಬೇರು ಮಾತ್ರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ಒಂದು ವರ್ಷದಲ್ಲಿ ಒಣ ಹೊಲದ ಇಂಗಾಲದ ಜಮಾ ಬಾಬ್ತಿನಲ್ಲಿ ಆಗುವ ಕೊರತೆ, ಒಂದು ಡಿಗ್ರಿ ಬಿಸಿಲು ಹತ್ತು ವರ್ಷಗಳಲ್ಲಿ ಮಾಡುವ ಖರ್ಚಿಗೆ ಸಮ.

ಒಣಗಿದ ಮಣ್ಣಿನಲ್ಲಿ ಕೊಳೆಯುವುದೂ ನಿಧಾನ, ಹಾಗಾಗಿ ಬರದಲ್ಲಿ ಖರ್ಚು ಕೂಡ ಇಳಿಯುವುದಿಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ತೇವವಿಲ್ಲದೆ ಸೂಕ್ಷ್ಮಜೀವಿಗಳು ಕೆಲಸ ಮಾಡುವುದಿಲ್ಲ, ಆದ್ದರಿಂದ ಏಪ್ರಿಲ್-ಮೇ ತಿಂಗಳ ಕಾದ ನೆಲದಲ್ಲಿ ಇಂಗಾಲ ಅಷ್ಟೇನೂ ಕರಗುವುದಿಲ್ಲ. ಕರಗುವುದು ಮೊದಲ ಮಳೆ ಬಿದ್ದಾಗ. ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದ ಬರ್ಚ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಇದನ್ನು ವಿವರವಾಗಿ ತೋರಿಸಿದರು. ಚೆನ್ನಾಗಿ ಒಣಗಿದ ಮಣ್ಣು ತಟ್ಟನೆ ನೆನೆದಾಗ ಕೆಲವೇ ದಿನಗಳಲ್ಲಿ ಇಂಗಾಲದ ಡೈಆಕ್ಸೈಡ್ ಭರದಿಂದ ಹೊರಬರುತ್ತದೆ. ಒಣಗಿದಾಗ ಸತ್ತ ಸೂಕ್ಷ್ಮಜೀವಿಗಳ ದೇಹ, ನೆನೆದು ಒಡೆದ ಮಣ್ಣಿನ ಉಂಡೆಗಳಿಂದ ಬಿಡುಗಡೆಯಾದ ಪದಾರ್ಥ, ಎರಡೂ ಆಹಾರವಾಗುತ್ತವೆ. ಮಳೆ ಹದವಾಗಿ ಬಂದರೆ ವರ್ಷದಲ್ಲಿ ಇಂಥ ಭರಾಟೆ ಒಂದೆರಡು ಬಾರಿ. ಒಂದು ಮಳೆ ಬಂದು ಮೂರು ವಾರ ಬಿಡುವು, ಮತ್ತೊಂದು ಮಳೆ, ಮತ್ತೆ ಬಿಡುವು ಎಂಬಂತಾದರೆ ಒಣಗುವ-ನೆನೆಯುವ ಸುತ್ತುಗಳು ಹೆಚ್ಚುತ್ತವೆ. ಪ್ರತಿ ಸುತ್ತಿಗೂ ಇಂಗಾಲದ ಒಂದು ಪಾಲು ಹೋಗುತ್ತದೆ, ಅದರ ಜೊತೆ ಬಿಡುಗಡೆಯಾದ ಸಾರಜನಕವನ್ನು ಹೀರಿಕೊಳ್ಳಲು ಹೊಲದಲ್ಲಿ ಬೆಳೆಯೂ ಇರುವುದಿಲ್ಲ.

ಸೆಪ್ಟೆಂಬರ್‌ನ ಬರಿ ನೆಲ

ಈ ಮೂರೂ ಜಿಲ್ಲೆಗಳಿಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರ್ ಆಸುಪಾಸು. ಅತಿ ಹೆಚ್ಚು ಬೀಳುವ ತಿಂಗಳು ಸೆಪ್ಟೆಂಬರ್. ಆದರೆ ಆಳ ಎರೆಯ ಹೊಲಗಳು, ವಿಶೇಷವಾಗಿ ಬಳ್ಳಾರಿ ಮತ್ತು ರಾಯಚೂರಿನ ಒಣ ಭಾಗದಲ್ಲಿ, ಹಿಂಗಾರಿ ಬೆಳೆಗೆ ಮೀಸಲು. ಮುಂಗಾರಿನಲ್ಲಿ ಹೊಲ ಹರಗಿ, ಕಳೆ ತೆಗೆದು, ಬರಿದಾಗಿ ಬಿಡುತ್ತಾರೆ. ಉತ್ತರೆ, ಹಸ್ತ ಮಳೆಗೆ ಜೋಳ, ಕಡಲೆ, ಕುಸುಬೆ ಬಿತ್ತುತ್ತಾರೆ. ಇದರ ಹಿಂದೆ ತಲೆಮಾರುಗಳ ಅನುಭವವಿದೆ. ಎರೆ ನೆನೆದರೆ ಕಾಲಿಡಲಾಗದು, ಮುಂಗಾರು ನಂಬಿಕೆಗೆ ಯೋಗ್ಯವಲ್ಲ, ಆಳದಲ್ಲಿ ಕೂಡಿಟ್ಟ ತೇವದ ಮೇಲೆ ಹಿಂಗಾರಿ ಬೆಳೆ ಏಳುತ್ತದೆ. ಅದನ್ನು ಅಜ್ಞಾನವೆಂದು ಕರೆಯುವವರ ಜೊತೆ ನಾನಿಲ್ಲ.

ಆದರೂ ಇಂಗಾಲದ ದೃಷ್ಟಿಯಿಂದ ಇದರ ಬೆಲೆ ದೊಡ್ಡದು. ವರ್ಷದ ಅತಿ ಜೋರಾದ ಮಳೆ ಬೀಳುವ ಹೊತ್ತಿಗೆ ನೆಲದ ಮೇಲೆ ಒಂದು ಎಲೆಯೂ ಇಲ್ಲ. ಬಳ್ಳಾರಿ ಕಡೆಯ ಎರೆಯ ಕೆಳಪದರದಲ್ಲಿ ಸೋಡಿಯಂ ಹೆಚ್ಚು, ನೀರು ಇಳಿಯುವುದು ಬಹಳ ನಿಧಾನ. ಮೇಲೆ ಹನಿಗಳ ಹೊಡೆತಕ್ಕೆ ಮಣ್ಣಿನ ಉಂಡೆ ಒಡೆದು ರಾಡಿಯಾಗುತ್ತದೆ, ಕೆಳಗೆ ನೀರು ಹಿಡಿಸುವುದಿಲ್ಲ, ಆದ್ದರಿಂದ ಹರಿದೇ ಹೋಗುತ್ತದೆ. ಹರಿಯುವ ನೀರು ಮೊದಲು ಹೊತ್ತೊಯ್ಯುವುದು ಹಗುರವಾದದ್ದನ್ನು ಮತ್ತು ನುಣುಪಾದದ್ದನ್ನು. ಇಂಗಾಲ ಇರುವುದು ಅದರಲ್ಲೇ. ಹಾಗಾಗಿ ಕೊಚ್ಚಿಹೋದ ಮಣ್ಣಿನಲ್ಲಿ ಹೊಲದಲ್ಲಿ ಉಳಿದ ಮಣ್ಣಿಗಿಂತ ಇಂಗಾಲದ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿರುತ್ತದೆ.

ದೇಶದ ಸರಾಸರಿ ಮಣ್ಣು ಸವಕಳಿ ಹೆಕ್ಟೇರಿಗೆ ವರ್ಷಕ್ಕೆ 16 ಟನ್‌ಗೂ ಮಿಕ್ಕಿ ಎಂಬುದು 1983ರಿಂದ ಬಳಕೆಯಲ್ಲಿರುವ ಅಂದಾಜು. ಎಕರೆಗೆ ಆರೂವರೆ ಟನ್. ಶೇ 0.4ರ ಲೆಕ್ಕದಲ್ಲಿ 26 ಕಿಲೋ ಇಂಗಾಲ, ಮೇಲೆ ಹೇಳಿದ ಕಾರಣದಿಂದ ನಿಜದಲ್ಲಿ ಇನ್ನೂ ಹೆಚ್ಚು. ಒಂದು ಡಿಗ್ರಿ ಬಿಸಿಲು ಕಳೆದ ಎಂಟು ಕಿಲೋದ ಪಕ್ಕ ಇದನ್ನಿಟ್ಟು ನೋಡಬೇಕು. ಸರಾಸರಿ ಸವಕಳಿಯೇ ಮೂರು ಪಟ್ಟು. ಸರಾಸರಿ ಎಂಬುದು ಎಲ್ಲ ವರ್ಷಗಳನ್ನು ಸಮ ಮಾಡಿ ಹೇಳುವ ಅಂಕಿ. ನಿಜವಾಗಿ ಮಣ್ಣು ಹೋಗುವುದು ಹತ್ತು ವರ್ಷಗಳಲ್ಲಿ ಬರುವ ಕೆಲವೇ ದಿನಗಳ ಮಳೆಗೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಯನ್ನು ಈ ಭಾಗದವರು ಮರೆತಿಲ್ಲ. ಆಗ ಬಿದ್ದ ಮನೆಗಳ ಲೆಕ್ಕ ಹಾಕಿದರು, ಕೊಚ್ಚಿಹೋದ ಬೆಳೆಯ ಲೆಕ್ಕ ಹಾಕಿದರು, ಪರಿಹಾರ ಕೊಟ್ಟರು. ಹೋದ ಮೇಲ್ಮಣ್ಣಿಗೆ ಪರಿಹಾರದ ಪಟ್ಟಿಯಲ್ಲಿ ಕೊಟ್ಟ ಮಹತ್ವ ಅಲ್ಪ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು, ಆದ್ದರಿಂದ ಇಂಥ ದಿನಗಳು ಮುಂದೆ ಹೆಚ್ಚುತ್ತವೆ ಎಂಬುದೇ ಹವಾಮಾನ ವಿಜ್ಞಾನಿಗಳ ನಿಲುವು. ಬಿಸಿಲಿನ ನಿಜವಾದ ಪೆಟ್ಟು ಮಣ್ಣಿಗೆ ತಲುಪುವ ಬಳಸುದಾರಿ ಇದು.

ಕೊಚ್ಚಿಹೋದ ಇಂಗಾಲವೆಲ್ಲ ಗಾಳಿಗೆ ಸೇರುತ್ತದೆಂದು ಹೇಳಲಾಗದು. ಒಂದಷ್ಟು ಕೆರೆಗಳ ತಳದಲ್ಲಿ ಹೂಳಾಗಿ ಕೂರುತ್ತದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿತ್ತು, ಈಗ ಹಿಡಿಯುವುದು 105ರ ಆಸುಪಾಸು. ಆ ಹೂಳು ಬಂದಿರುವುದು ಜಲಾಶಯದ ಮೇಲ್ಭಾಗದ ಜಿಲ್ಲೆಗಳಿಂದ, ರಾಯಚೂರಿನ ಹೊಲಗಳಿಂದಲ್ಲ. ಆದರೆ ನದಿ ಬಯಲಿನ ಮೇಲ್ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬೇಸಿಗೆಯಲ್ಲಿ ಊರ ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವ ಹಳೆಯ ರೂಢಿ ಹೋದ ಇಂಗಾಲದ ಒಂದು ಪಾಲನ್ನು ವಾಪಸು ತರುವ ಕೆಲಸ. ಮಸಾರಿ ಭೂಮಿಗಂತೂ ಅದು ಇಂಗಾಲದ ಜೊತೆ ಅದನ್ನು ಹಿಡಿದಿಡುವ ಜೇಡಿಯನ್ನೂ ಕೊಡುತ್ತದೆ.

ಹೊಸದೇನನ್ನೂ ನಾನು ಹೇಳುತ್ತಿಲ್ಲ. 1930ರ ದಶಕದಲ್ಲಿ ಬ್ರಿಟಿಷ್ ಆಡಳಿತ ಒಣಬೇಸಾಯದ ಸಂಶೋಧನೆಗೆ ದೇಶದಲ್ಲಿ ಆಯ್ದ ಐದು ಜಾಗಗಳಲ್ಲಿ ಬಳ್ಳಾರಿ ಬಳಿಯ ಹಗರಿ ಒಂದು, ರಾಯಚೂರು ಇನ್ನೊಂದು. 1950ರ ದಶಕದಿಂದ ಬಳ್ಳಾರಿಯಲ್ಲಿ ಕೇಂದ್ರದ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರವಿದೆ. ಬದು, ಇಳಿಜಾರಿಗೆ ಅಡ್ಡ ಬಿತ್ತನೆ, ಚೌಕು ಮಡಿ ಇವೆಲ್ಲ ಈ ನೆಲದಲ್ಲೇ ಪರೀಕ್ಷೆಯಾದ ಉಪಾಯಗಳು. ಹೊಲವನ್ನು ಸಣ್ಣ ಸಣ್ಣ ಚೌಕಗಳಾಗಿ ಮಣ್ಣಿನ ಏರಿ ಹಾಕಿ ಭಾಗಿಸಿದರೆ ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ನೀರು ಉಳಿಸುವ ಕೆಲಸವೆಂದು ಇದನ್ನು ಹೇಳಿಕೊಟ್ಟರು. ಇಂಗಾಲ ಉಳಿಸುವ ಕೆಲಸವೂ ಇದೇ ಎಂದು ಈಗ ಹೇಳಬೇಕು.

ಕಾಲುವೆಯ ಕೆಳಗೆ ಕಥೆ ಬೇರೆ

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಲೆಕ್ಕ ಸ್ವಲ್ಪ ತಿರುಗುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ, ಕೊಳೆಯುವುದು ನಿಧಾನ. ಎರಡು ಬೆಳೆ ತೆಗೆದರೆ ಬೇರು, ಕೂಳೆ, ಹುಲ್ಲು ಯಥೇಚ್ಛ. ಆದ್ದರಿಂದ ಭತ್ತದ ಗದ್ದೆ ಪಕ್ಕದ ಒಣ ಹೊಲಕ್ಕಿಂತ ಹೆಚ್ಚು ಇಂಗಾಲ ಹಿಡಿದಿಡುವ ಸಾಮರ್ಥ್ಯ ಪಡೆದಿದೆ. ಅದರ ಬೆಲೆಯಾಗಿ ಮೀಥೇನ್ ಹೊರಬರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಹೆಚ್ಚು ಬಿಸಿ ಮಾಡುವ ಅನಿಲ.

ಅಷ್ಟು ಸಾಮರ್ಥ್ಯವಿದ್ದೂ ನಾವು ಹುಲ್ಲಿಗೆ ಬೆಂಕಿ ಇಡುತ್ತೇವೆ. ಯಂತ್ರದಿಂದ ಕೊಯ್ದ ಮೇಲೆ ಗದ್ದೆಯಲ್ಲಿ ಚೆಲ್ಲಿದ ಹುಲ್ಲನ್ನು ಬಾಚಿ ತೆಗೆಯಲು ಆಳಿಲ್ಲ, ಎರಡನೇ ಬೆಳೆಗೆ ದಿನವಿಲ್ಲ. ಒಂದು ಟನ್ ಹುಲ್ಲಿನಲ್ಲಿ 400 ಕಿಲೋ ಇಂಗಾಲ. ಅದರಲ್ಲಿ ಹನ್ನೆರಡು ಭಾಗ ನಿಂತರೂ 48 ಕಿಲೋ ಮಣ್ಣಿಗೆ ದಕ್ಕುತ್ತಿತ್ತು. ಎಕರೆಗೆ ಎರಡು ಟನ್ ಸುಟ್ಟರೆ ಹೆಚ್ಚುಕಡಿಮೆ ಒಂದು ಒಣ ಎಕರೆ ವರ್ಷವಿಡೀ ಕೊಳೆತು ಕಳೆದುಕೊಳ್ಳುವಷ್ಟು, ಮಣ್ಣಿಗೆ ದಕ್ಕಬೇಕಿದ್ದ ಇಂಗಾಲ ಒಂದೇ ಸಂಜೆಯಲ್ಲಿ ಹೊಗೆಯಾಯಿತು, ಜೊತೆಗೆ ಹುಲ್ಲಿನ ಸಾರಜನಕವೂ. ಹಾಗೆಂದು ಹಸಿ ಹುಲ್ಲನ್ನು ನಾಟಿಗೆ ಕೆಲವೇ ದಿನ ಮೊದಲು ಕೆಸರಿನಲ್ಲಿ ತುಳಿದರೆ ಮೀಥೇನ್ ಹೆಚ್ಚುತ್ತದೆ, ಸಾರಜನಕವನ್ನು ಸೂಕ್ಷ್ಮಜೀವಿಗಳು ಎಳೆದುಕೊಂಡು ಪೈರು ಹಳದಿಯಾಗುತ್ತದೆ. ನೀರು ಬಿಡುವುದಕ್ಕೆ ಹಲವು ವಾರ ಮೊದಲೇ, ಒಣ ನೆಲದಲ್ಲಿ ಹುಲ್ಲನ್ನು ಚೂರು ಮಾಡಿ ಮಣ್ಣಿಗೆ ಸೇರಿಸುವುದು ಸರಿಯಾದ ದಾರಿ. ಇದಕ್ಕೆ ಯಂತ್ರ ಬೇಕು, ಮತ್ತು ಕಾಲುವೆಗೆ ನೀರು ಯಾವಾಗ ಬರುತ್ತದೆಂಬ ಖಚಿತ ತಿಳಿವಳಿಕೆ ಬೇಕು. ಎರಡನೆಯದು ವರ್ಷದಿಂದ ವರ್ಷಕ್ಕೆ ಅನಿಶ್ಚಿತವಾಗುತ್ತಿದೆ.

ಸವಳು-ಜವಳಿನ ಸಮಸ್ಯೆಯೂ ಇಲ್ಲೇ ಸೇರಿಕೊಳ್ಳುತ್ತದೆ. ಲಘು ನೀರಾವರಿಗೆಂದು ಯೋಜಿಸಿದ ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ಭತ್ತವಾಗಿ, ಅಚ್ಚುಕಟ್ಟಿನ ಹತ್ತಾರು ಸಾವಿರ ಹೆಕ್ಟೇರ್ ಉಪ್ಪು ಕಂಡಿದೆ. ಉಪ್ಪು ಕಂಡ ನೆಲದಲ್ಲಿ ಬೆಳೆ ಕುಗ್ಗುತ್ತದೆ, ಮಣ್ಣಿಗೆ ಸೇರುವ ಬೇರು-ಕೂಳೆಯೂ ಕುಗ್ಗುತ್ತದೆ. ಸೋಡಿಯಂ ಏರಿದರೆ ಮಣ್ಣಿನ ಉಂಡೆಗಳೇ ಕದಡಿ ಅಡಗಿದ್ದ ಇಂಗಾಲ ಬಯಲಾಗುತ್ತದೆ. ಒಣ ಹವೆ ಹೆಚ್ಚಿದಷ್ಟೂ ಎರೆಯಲ್ಲಿ ಸುಣ್ಣದ ಹರಳು ಕಟ್ಟುವುದು ಹೆಚ್ಚಿ, ಉಳಿದ ದ್ರವದಲ್ಲಿ ಸೋಡಿಯಂನ ಪಾಲು ಏರುತ್ತದೆ ಎಂದು ನಾಗಪುರದ ಮಣ್ಣು ಸಮೀಕ್ಷಾ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಕಾಲುವೆಯಿಲ್ಲದ ಎರೆಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಇಲ್ಲಿ ಹೆಚ್ಚುವ ಸುಣ್ಣವೂ ಇಂಗಾಲದ ಒಂದು ರೂಪವೇ, ಆದರೆ ಬೆಳೆಗೆ ಉಪಕಾರ ಮಾಡದ ರೂಪ. ಮಣ್ಣು ಪರೀಕ್ಷೆಯ ಸಾವಯವ ಇಂಗಾಲದಲ್ಲಿ ಅದು ಸೇರುವುದಿಲ್ಲ.

ಅಂಕಿಗಳನ್ನು ಎಷ್ಟು ನಂಬಬೇಕು

ಚೀಟಿಯ ಅಂಕಿಯ ಬಗ್ಗೆ ಎರಡು ಮಾತು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಪ್ರದೇಶದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಪದ್ಧತಿ ಇಟ್ಟರು. ಹತ್ತು ಹೆಕ್ಟೇರ್ ಎಂದರೆ ಇಪ್ಪತ್ತೈದು ಎಕರೆ. ಹಾಗಾಗಿ ಒಣ ಹೊಲದ ರೈತನ ಚೀಟಿಯಲ್ಲಿರುವ ಅಂಕಿ ಪಕ್ಕದವರ ಹೊಲದ ಮಣ್ಣಿನದ್ದೂ ಆಗಿರಬಹುದು. ಪ್ರಯೋಗಾಲಯದಲ್ಲಿ ಬಳಸುವ ವಾಕ್ಲೆ-ಬ್ಲ್ಯಾಕ್ ವಿಧಾನ 1934ರದು, ಇರುವ ಇಂಗಾಲದಲ್ಲಿ ಮುಕ್ಕಾಲು ಪಾಲನ್ನಷ್ಟೇ ಹಿಡಿಯುತ್ತದೆ, ಉಳಿದದ್ದನ್ನು ಗುಣಾಕಾರದಿಂದ ಸರಿದೂಗಿಸುತ್ತಾರೆ. ಒಂದು ಚೀಟಿಯಲ್ಲಿ 0.42, ಮುಂದಿನದರಲ್ಲಿ 0.47 ಬಂದರೆ ಮಣ್ಣು ಸುಧಾರಿಸಿತೆಂದು ಹಿಗ್ಗಬಾರದು. 0.38 ಬಂದರೆ ಕುಗ್ಗಲೂಬಾರದು. ಒಂದೇ ಹೊಲದ ಒಂದೇ ಜಾಗಗಳಿಂದ, ಒಂದೇ ತಿಂಗಳಲ್ಲಿ, ಐದಾರು ವರ್ಷಗಳ ಅಂತರದಲ್ಲಿ ತೆಗೆದ ಮಣ್ಣು ಮಾತ್ರ ನಂಬಲರ್ಹ ಉತ್ತರ ಕೊಡುತ್ತದೆ.

ಇಂಗಾಲ ಏರಿದರೆ ಎಕರೆಗೆ ಲಕ್ಷಾಂತರ ಲೀಟರ್ ನೀರು ಉಳಿಯುತ್ತದೆ ಎಂಬ ಪ್ರಚಾರವನ್ನೂ ಇಲ್ಲೇ ತಿದ್ದಬೇಕು. ಜಗತ್ತಿನ ಸಾವಿರಾರು ಮಣ್ಣಿನ ಮಾದರಿಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಸಾವಯವ ಇಂಗಾಲ ಪೂರ್ತಿ ಒಂದು ಶೇಕಡಾ ಏರಿದರೂ 10 ಸೆಂಟಿಮೀಟರ್ ಮಣ್ಣು ಹೆಚ್ಚಾಗಿ ಹಿಡಿಯುವ ಉಪಯುಕ್ತ ನೀರು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಜೇಡಿ ಮಣ್ಣಿನಲ್ಲಿ ಇನ್ನೂ ಕಡಿಮೆ. ಎರೆ ಮೊದಲೇ ನೀರು ಹಿಡಿಯುವ ಮಣ್ಣು. ಅಲ್ಲಿ ಇಂಗಾಲದ ಉಪಕಾರ ಬೇರೆ ಬಗೆಯದು. ಉಂಡೆಗಳು ಗಟ್ಟಿಯಾಗಿ, ಮಳೆ ಹರಿದುಹೋಗುವ ಬದಲು ಒಳಗಿಳಿಯುತ್ತದೆ. ಮಸಾರಿಯಲ್ಲಿ ಮೇಲ್ಪದರ ಗಟ್ಟಿಯಾಗುವುದು ತಪ್ಪಿ ಮೊಳಕೆ ಏಳುತ್ತದೆ. ಈ ನಿಜವಾದ ಲಾಭವೇ ಸಾಕಷ್ಟು ದೊಡ್ಡದಾಗಿರುವಾಗ ಉತ್ಪ್ರೇಕ್ಷೆಯ ಅಂಕಿ ಹೇಳಿ ರೈತರ ವಿಶ್ವಾಸ ಕಳೆದುಕೊಳ್ಳುವುದು ನನಗೆ ನೋವಿನ ಸಂಗತಿ.

ಏರಿಸಲು ಸಾಧ್ಯವೇ?

ಸಾಧ್ಯ, ನಿಧಾನವಾಗಿ. ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಎಂಬ ಒಣಸೀಮೆ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 1976ರಲ್ಲಿ ಎರೆ ಮಣ್ಣಿನಲ್ಲಿ ಒಂದು ಪ್ರಯೋಗ ಆರಂಭಿಸಿತು. ಒಂದು ಕಡೆ ನಮ್ಮಲ್ಲಿಯಂತೆ ಮುಂಗಾರಿನಲ್ಲಿ ಬರಿದು ಬಿಟ್ಟು ಹಿಂಗಾರಿಯಲ್ಲಿ ಜೋಳ ಅಥವಾ ಕಡಲೆ. ಇನ್ನೊಂದು ಕಡೆ ಅಗಲ ಮಡಿ-ಸಾಲು ಮಾಡಿ, ಮುಂಗಾರಿನಲ್ಲೇ ತೊಗರಿ ಜೊತೆ ಜೋಳದಂಥ ಬೆಳೆ, ಸಮತೋಲನ ಗೊಬ್ಬರ. ಇಪ್ಪತ್ತನಾಲ್ಕು ವರ್ಷಗಳ ಕೊನೆಗೆ ಎರಡನೆಯದರಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 330 ಕಿಲೋ ಇಂಗಾಲ ಹೆಚ್ಚಾಗಿ ಸೇರಿತ್ತು, ಅದೂ ನಾಲ್ಕು ಅಡಿ ಆಳದವರೆಗೆ ಅಳೆದಾಗ. ಇಳುವರಿ ನಾಲ್ಕು ಪಟ್ಟಿಗೂ ಮೀರಿ ಇತ್ತು. ಅಲ್ಲಿನ ಮಳೆ ನಮಗಿಂತ ಹೆಚ್ಚು, ಆದ್ದರಿಂದ ಅದೇ ಫಲ ಇಲ್ಲಿ ಸಿಗುತ್ತದೆಂದು ಹೇಳಲಾಗದು. ಆದರೆ ದಿಕ್ಕು ಸ್ಪಷ್ಟ. ಇಂಗಾಲ ಹೆಚ್ಚಿದ್ದು ಮಳೆಗಾಲದಲ್ಲಿ ನೆಲದ ಮೇಲೆ ಬೆಳೆ ಇದ್ದುದರಿಂದ ಮತ್ತು ಆ ಬೆಳೆ ಚೆನ್ನಾಗಿ ಬೇರು ಬಿಟ್ಟದ್ದರಿಂದ.

ಜೂನ್-ಜುಲೈ ಮಳೆ ತಕ್ಕಮಟ್ಟಿಗೆ ಬರುವ ಕೊಪ್ಪಳ, ಲಿಂಗಸುಗೂರು ಕಡೆ ಹಿಂಗಾರಿಗೆ ಮುಂಚೆ ಒಂದು ಹೆಸರು ಬೆಳೆ ಅಥವಾ ಹೂ ಬಿಡುವ ಮೊದಲೇ ಮಣ್ಣಿಗೆ ಸೇರಿಸುವ ಸೆಣಬು ಸಾಧ್ಯ. ಬಳ್ಳಾರಿಯ ಒಣ ಎರೆಯಲ್ಲಿ ಅದು ಹಿಂಗಾರಿ ಜೋಳದ ತೇವವನ್ನೇ ಕುಡಿದುಬಿಡುವ ಅಪಾಯವಿದೆ. ಅಲ್ಲಿ ಚೌಕು ಮಡಿ, ಬದುವಿನ ಮೇಲೆ ಹಸಿರೆಲೆ ಗೊಬ್ಬರದ ಗ್ಲಿರಿಸಿಡಿಯ ಗಿಡ, ಹೊಲದಲ್ಲೇ ಬಿಟ್ಟ ಕೂಳೆ ಹೆಚ್ಚು ಸುರಕ್ಷಿತ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯನ್ನು ಬದುವಿನಲ್ಲಿ ಗುಡ್ಡೆ ಹಾಕಿ ಸುಡುವ ಬದಲು ಚೂರು ಮಾಡಿ ಹರಡಬಹುದು. ಎಲ್ಲೆಡೆ ಹಬ್ಬಿರುವ ಬಳ್ಳಾರಿ ಜಾಲಿಯನ್ನು ಕಡಿದು ಇದ್ದಿಲು ಮಾಡುವ ಕೆಲಸ ಈಗಾಗಲೇ ನಡೆದಿದೆ. ಅದರ ಪುಡಿ ಮಣ್ಣಿಗೆ ಸೇರಿದರೆ ಶತಮಾನಗಳವರೆಗೆ ಉಳಿಯುವ ಇಂಗಾಲವಾಗುತ್ತದೆ. ಕುರಿ ತರುಬುವವರಿಗೆ ಹೊಲದಲ್ಲಿ ಜಾಗ ಕೊಡುವ ರೂಢಿ ಇನ್ನೂ ಇದೆ. ಎತ್ತುಗಳು ಕಡಿಮೆಯಾಗಿ ತಿಪ್ಪೆಗಳು ಬರಿದಾದ ಊರುಗಳಲ್ಲಿ ಮಣ್ಣಿಗೆ ಗೊಬ್ಬರ ತರುವವರು ಆ ಕುರಿಗಾರರೇ. ಅವರ ಮೇವಿನ ದಾರಿಗಳನ್ನು ಉಳಿಸುವುದು ಮಣ್ಣಿನ ಕಾರ್ಯಕ್ರಮದ ಭಾಗವಾಗಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಇಷ್ಟಕ್ಕೆ ಹಣ ಯಾರು ಕೊಡಬೇಕು? ಇಂಗಾಲದ ಕ್ರೆಡಿಟ್ ಮಾರಾಟದ ಮಾತು ಈಗ ಹಳ್ಳಿಗಳಿಗೂ ಬಂದಿದೆ. ಕೃಷಿಯಲ್ಲಿ ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಗೆ ಕೇಂದ್ರ ಕೃಷಿ ಸಚಿವಾಲಯ 2024ರ ಜನವರಿಯಲ್ಲಿ ಚೌಕಟ್ಟು ಪ್ರಕಟಿಸಿತು. ಒಂದು ಕ್ರೆಡಿಟ್ ಎಂದರೆ ಗಾಳಿಗೆ ಸೇರದಂತೆ ತಡೆದ ಅಥವಾ ಹಿಡಿದಿಟ್ಟ ಒಂದು ಟನ್ ಇಂಗಾಲದ ಡೈಆಕ್ಸೈಡ್. ಪಟಾಂಚೆರುವಿನ ಫಲವನ್ನೇ ಎಕರೆಗೆ ಇಳಿಸಿದರೆ ವರ್ಷಕ್ಕೆ 130 ಕಿಲೋ ಇಂಗಾಲ, ಡೈಆಕ್ಸೈಡ್ ಲೆಕ್ಕದಲ್ಲಿ ಸುಮಾರು 480 ಕಿಲೋ. ಅರ್ಧ ಕ್ರೆಡಿಟ್ಟೂ ಇಲ್ಲ. ಅಳತೆಯ ಖರ್ಚು, ಮಧ್ಯವರ್ತಿಯ ಪಾಲು ಕಳೆದರೆ ಉಳಿಯುವುದು ಅತ್ಯಲ್ಪ. ಒಣ ಸೀಮೆಯ ರೈತ ಕ್ರೆಡಿಟ್ ನಂಬಿ ಬೇಸಾಯ ಬದಲಿಸಿದರೆ ನಿರಾಶನಾಗುತ್ತಾನೆ. ಹುಲ್ಲು ಚೂರು ಮಾಡುವ ಯಂತ್ರದ ಬಾಡಿಗೆಗೆ, ಚೌಕು ಮಡಿಯ ಕೂಲಿಗೆ, ಕೆರೆ ಹೂಳಿನ ಸಾಗಣೆಗೆ ನೇರವಾಗಿ ಹಣ ಕೊಡುವುದೇ ಹೆಚ್ಚು ಪ್ರಾಮಾಣಿಕ ದಾರಿ.

ಅದಕ್ಕೂ ಒಂದು ತೊಡಕಿದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲೂ ಒಣ ಭಾಗದಲ್ಲೂ ಉಳುವವರಲ್ಲಿ ಅನೇಕರು ವರ್ಷದ ಲಾವಣಿಗೆ (ಗೇಣಿಗೆ) ಹೊಲ ಹಿಡಿದವರು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ರಾಜ್ಯದಲ್ಲಿ ಕೃಷಿಭೂಮಿಯ ಗೇಣಿಗೆ ಕೆಲವು ವಿನಾಯಿತಿ ಬಿಟ್ಟರೆ ಕಾನೂನಿನ ಮಾನ್ಯತೆ ಇಲ್ಲ, ಆದ್ದರಿಂದ ಈ ಒಪ್ಪಂದಗಳೆಲ್ಲ ಬಾಯಿಮಾತಿನವು. ಮುಂದಿನ ವರ್ಷ ಅದೇ ಹೊಲ ಸಿಗುತ್ತದೆಂಬ ಖಾತ್ರಿ ಇಲ್ಲದವನು ಇಪ್ಪತ್ತು ವರ್ಷಗಳಲ್ಲಿ ಫಲ ಕೊಡುವ ಇಂಗಾಲಕ್ಕೆ ಇಂದು ಕೂಳೆ ಬಿಡಲಾರ. ಅವನಿಗೆ ಈ ಹಂಗಾಮಿನ ಲಾವಣಿ ಹಣ ಹೊರಡಬೇಕು. ಸಹಾಯಧನ ಬಂದರೆ ಅದು ಪಹಣಿಯಲ್ಲಿ ಹೆಸರಿರುವ ಮಾಲೀಕನ ಖಾತೆಗೆ ಹೋಗುತ್ತದೆ. ಬೆಂಕಿ ಇಟ್ಟದ್ದಕ್ಕೆ ದಂಡ ಬಂದರೆ ಕೊಡುವವನು ಉಳುವವನು. ರಾಜ್ಯದ ಬೆಳೆ ಸಮೀಕ್ಷೆಯಲ್ಲಿ ಪ್ರತಿ ಸರ್ವೆ ನಂಬರಿನ ಬೆಳೆ ಈಗಾಗಲೇ ಮೊಬೈಲಿನಲ್ಲಿ ಫೋಟೊ ಸಮೇತ ದಾಖಲಾಗುತ್ತಿದೆ. ಅದೇ ಸಮೀಕ್ಷೆಯಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ನೆಲಕ್ಕೆ ಹೊದಿಕೆ ಇತ್ತೇ, ಕೊಯ್ಲಿನ ನಂತರ ಉಳಿಕೆ ಹೊಲದಲ್ಲಿ ಉಳಿಯಿತೇ ಎಂಬ ಎರಡು ಪ್ರಶ್ನೆಗಳನ್ನೂ, ಮಾಲೀಕನ ಹಕ್ಕಿಗೆ ಧಕ್ಕೆಯಾಗದಂತೆ ಆ ವರ್ಷ ನಿಜವಾಗಿ ಉತ್ತವನ ಹೆಸರನ್ನೂ ಸೇರಿಸಿದರೆ, ಹಣ ಕೂಳೆ ಬಿಟ್ಟವನ ಕೈಗೇ ತಲುಪಿಸಲು ಸಾಧ್ಯ.